ಕ್ವೈರ್ ನಿಲುವಂಗಿ ತರಲು ಹೋಗುವಾಗ ಜೇಬಲ್ಲಿ ಬೆಂಕಿಪೊಟ್ಟಣ ಇರಲಿ

ನಮ್ಮ ಚರ್ಚಿನ ಕ್ವೈರ್‌ನ, ಅಂದರೆ ಹಾಡುವ ತಂಡದ, ಹಳೇ ನಿಲುವಂಗಿಗಳು ತೊಳೆದೂ ತೊಳೆದೂ ಸೊಳ್ಳೆಪರದೆ ಹಾಗಾಗಿದ್ದವು. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಶಿವಾಜಿನಗರದ ಒಂದು ಸಣ್ಣ ಟೈಲರ್ ಅಂಗಡಿಗೆ 18 ಸೆಟ್ ಆರ್ಡರ್ ಕೊಟ್ಟೆವು. ದೊಡ್ಡವರಿಗೆ 12, ಮಕ್ಕಳಿಗೆ 6. ಒಂದು ಸೆಟ್ ಅಂದರೆ ಪಾದದ ತನಕ ಬರುವ ಮೆರೂನ್ ಕ್ಯಾಸಕ್, ಅದರ ಮೇಲೆ ಅಗಲ ತೋಳಿನ ಬಿಳಿ ಸರ್ಪ್ಲಿಸ್. ಎರಡೂ ಸೇರಿ 1,650 ರೂಪಾಯಿ.

ಮಾಸ್ಟರ್‌ಗೆ ಕೆಲಸ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಕೇಳಿದ ಮೊದಲ ಪ್ರಶ್ನೆಯೇ "ಕ್ಯಾಥೊಲಿಕ್ಕಾ, ಸಿಎಸ್ಐನಾ?" ಸಿಎಸ್ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ನಮ್ಮದು ಅದೇ. ರೋಮನ್ ಕ್ಯಾಥೊಲಿಕ್ ಕ್ಯಾಸಕ್‌ಗೆ ಎದುರಿಗೆ ನೇರವಾಗಿ ಒಂದೇ ಸಾಲು ಗುಂಡಿ, ಯೇಸುವಿನ ವಯಸ್ಸಿನ ಲೆಕ್ಕಕ್ಕೆ 33 ಇಡಿಸುವವರೂ ಇದ್ದಾರೆ. ನಮ್ಮ ಕ್ಯಾಸಕ್ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಕಡೆಯದು, ಒಂದು ಮಗ್ಗುಲು ಇನ್ನೊಂದರ ಮೇಲೆ ಬಂದು ಭುಜದ ಹತ್ತಿರ ಗುಂಡಿ ಬೀಳುತ್ತದೆ. ಅಳತೆ ತೆಗೆಯುವಾಗ ಪ್ರತಿಯೊಬ್ಬರ ಕೈಗೂ ಒಂದು ನೋಟ್‌ಬುಕ್ ಕೊಟ್ಟು, ಹಾಡುವಾಗ ಹಿಡಿಯುವ ಹಾಗೆ ಹಿಡೀರಿ ಅಂದು ತೋಳು ಎಲ್ಲಿಗೆ ಜಾರುತ್ತದೆ ನೋಡಿದರು. ಮಕ್ಕಳದಕ್ಕೆ ನಾವು ಹೇಳದೆಯೇ ಕೆಳಗೆ ಮೂರಿಂಚು ಒಳಗೆ ಮಡಚಿದ್ದಾರೆ, ಬೆಳೆದಂತೆ ಬಿಚ್ಚಬಹುದು.

ತಕರಾರು ಬಟ್ಟೆಯದು. ಸರ್ಪ್ಲಿಸ್ ಹುಟ್ಟಿದ್ದು ಚಳಿ ದೇಶದಲ್ಲಿ, ತುಪ್ಪಳದ ಉಡುಪಿನ ಮೇಲೆ ಹಾಕಿಕೊಳ್ಳಲು. ಲ್ಯಾಟಿನ್‌ನಲ್ಲಿ ಹೆಸರಿನ ಅರ್ಥವೇ ತುಪ್ಪಳದ ಮೇಲಿನದು ಅಂತ. ಅದನ್ನೇ ನಾವು ಏಪ್ರಿಲ್ ಈಸ್ಟರ್‌ಗೆ, ಫ್ಯಾನ್ ಗಾಳಿ ತಲುಪದ ಮೂಲೆಯಲ್ಲಿ ನಿಂತು, ಒಳಗೊಂದು ಕ್ಯಾಸಕ್ ಬೇರೆ ಹಾಕಿಕೊಂಡು ಹಾಡಬೇಕು. ಅದಕ್ಕೇ ಅಪ್ಪಟ ಕಾಟನ್ ಅಂತ ಬಿಲ್ಲಿನಲ್ಲೇ ಬರೆಸಿದ್ದೆ.

ನವೆಂಬರ್ ಕೊನೆಗೆ ಅಂದವರು ಕೊಟ್ಟಿದ್ದು ಕ್ರಿಸ್‌ಮಸ್ ಹಾಡುಗಳ ಆರಾಧನೆಯಾದ ಕ್ಯಾರಲ್ ಸರ್ವಿಸ್ ಹಿಂದಿನ ದಿನ, ರಾತ್ರಿ ಎಂಟಕ್ಕೆ. ಕತ್ತಿನ ಸುತ್ತ ನೆರಿಗೆ ನೋಡಿ ಸಿಟ್ಟು ಅರ್ಧ ಇಳಿಯಿತು. ಅಷ್ಟು ಸಣ್ಣಗೆ, ಒಂದೇ ಸಮ ಹಿಡಿದಿದ್ದಾರೆ, ಬೆರಳಾಡಿಸಿದರೆ ಬಾಚಣಿಗೆ ಹಲ್ಲು ಸವರಿದ ಹಾಗೆ. ಆದರೆ ಬಟ್ಟೆ ಯಾಕೋ ಜಾರುತ್ತಿತ್ತು. ಮನೆಗೆ ಬಂದು ಒಳಮಡಿಕೆಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಕಾಟನ್ ಆಗಿದ್ದರೆ ಕಾಗದದ ಹಾಗೆ ಉರಿದು ಬೂದಿ ಉದುರಬೇಕು. ಇದು ಸುರುಟಿಕೊಂಡು ತುದಿಯಲ್ಲಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಪಾಲಿಯೆಸ್ಟರ್ ಬೆರೆಸಿದ್ದಾರೆ. ಫೋನ್ ಮಾಡಿದರೆ, "ಇಸ್ತ್ರಿ ಕೆಲಸ ಕಮ್ಮಿ ಆಗ್ಲಿ ಅಂತ ಮಿಕ್ಸ್ ಹಾಕಿದೆ ಮೇಡಂ." ಕೇಳಬೇಕಿತ್ತಲ್ವಾ?

ಸೆಕೆ ಹಾಗಿರಲಿ, ನಮ್ಮದು ಮೇಣದಬತ್ತಿ ಹಿಡಿದು ಹಾಡುವ ಕ್ಯಾರಲ್ ಸರ್ವಿಸ್. ಅಷ್ಟಗಲ ತೋಳು, ಮೈಗೆ ಕರಗಿ ಅಂಟುವ ಬಟ್ಟೆ, ಒಂಬತ್ತು ವರ್ಷದ ಮಕ್ಕಳು! ಭಾನುವಾರ ಬೆಳಗ್ಗೆ ಓಡಿ ಬ್ಯಾಟರಿ ಬತ್ತಿ ತಂದೆವು. ಚರ್ಚಿನ ಅಯ್ಯನವರು (ಪಾದ್ರಿ) ಮೊದಲು ಒಪ್ಪಲಿಲ್ಲ. ಆ ಮಣಿ ತೋರಿಸಿದ ಮೇಲೆ ಸುಮ್ನಾದರು.

ಜನವರಿಯಲ್ಲಿ ಮಾಸ್ಟರ್ ಜಗಳವಾಡದೆ ಮಕ್ಕಳ ಆರು ಸರ್ಪ್ಲಿಸ್ ಕಾಟನ್‌ನಲ್ಲಿ ಹೊಸದಾಗಿ ಹೊಲಿದು ಕೊಟ್ಟರು, ಜಾಸ್ತಿ ದುಡ್ಡು ಕೇಳಲಿಲ್ಲ. ಅವಕ್ಕೂ ಕಡ್ಡಿ ಗೀರಿದೆ, ಬೂದಿಯೇ ಬಂತು. ದೊಡ್ಡವರದ್ದು ಹಾಗೇ ಇದೆ, ಬೆವರುತ್ತಿದ್ದೇವೆ. ಕೈಕೆಲಸಕ್ಕೆ ಐದಕ್ಕೆ ಐದು, ಮಾತಿಗೆ ಎರಡು. ನಾವು ಮತ್ತೆ ಅಲ್ಲಿಗೇ ಹೋಗುತ್ತೇವೆ, ಆದರೆ ಕಾಟನ್ ಥಾನು ಚಿಕ್ಕಪೇಟೆಯಲ್ಲಿ ನಾವೇ ತೆಗೆದುಕೊಟ್ಟು. ಈಸ್ಟರ್‌ಗೆ ಬೇಕಿದ್ದವರು ಅದಕ್ಕೆ ಆರು ವಾರಕ್ಕೂ ಮೊದಲು ಬರುವ ಬೂದಿ ಬುಧವಾರಕ್ಕೆ ಮೊದಲೇ ಅಳತೆ ಕೊಟ್ಟುಬಿಡಿ.