ಸರ್ಕಾರಿ ಕ್ಷಯ ಚಿಕಿತ್ಸೆ: ಕೊಡಗಿನ ತೋಟವೊಂದರ ಅನುಭವ

ನಮ್ಮ ಕಾಫಿ ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ಕಾರ್ಮಿಕರೊಬ್ಬರಿಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದೊರೆತ ಕ್ಷಯರೋಗದ ಸೇವೆಯನ್ನು ಮನಸಾರೆ ಮೆಚ್ಚಿದ್ದೇನೆ. ಕಫ ಪರೀಕ್ಷೆಯಿಂದ ಹಿಡಿದು ಆರು ತಿಂಗಳ ಮಾತ್ರೆಗಳವರೆಗೆ ಎಲ್ಲವೂ ಉಚಿತವಾಗಿತ್ತು. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಸಿಗಬೇಕಾದ 1,000 ರೂಪಾಯಿ ಮಾತ್ರ ಖಾತೆಗೆ ತಡವಾಗಿ ಬಂತು. ಆಶಾ ಕಾರ್ಯಕರ್ತೆಯವರು ಸುರಿಯುವ ಮಳೆಯಲ್ಲೂ ಬಂದು, ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿ, ಮನೆಮಂದಿಯ ಕೆಮ್ಮನ್ನೂ ವಿಚಾರಿಸುತ್ತಿದ್ದರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1882ರಲ್ಲೇ ಕ್ಷಯದ ರೋಗಾಣುವನ್ನು ಗುರುತಿಸಿದ್ದರೂ, ಅದನ್ನು ಗುಣಪಡಿಸಬಲ್ಲ ಮೊದಲ ಔಷಧವಾದ ಸ್ಟ್ರೆಪ್ಟೋಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅಲ್ಲಿಯವರೆಗೆ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನಂಥ ಇಕ್ಕಟ್ಟಿನ ಬಡಾವಣೆಗಳಲ್ಲಿ, ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕಿದ ಬಡವರಲ್ಲಿ ಕ್ಷಯದ ಮರಣಪ್ರಮಾಣ ಭೀಕರವಾಗಿತ್ತು. ಮಳೆಗಾಲವಿಡೀ ಕಿಟಕಿ ಮುಚ್ಚಿರುವ ನಮ್ಮ ಲೈನ್‌ಮನೆಗಳಲ್ಲೂ ಸೋಂಕು ಹರಡುವುದು ಸುಲಭ. ಕೆಮ್ಮು ಎರಡು ವಾರ ಮೀರಿದರೆ ದಯವಿಟ್ಟು ಈ ಸೇವೆಯನ್ನು ಬಳಸಿಕೊಳ್ಳಿ.