ಮ್ಯಾಂಗನೀಸ್ ನೀರಿಗೆ ಆರ್‌ಓ ಸಾಕೋ, ಫಿಲ್ಟರ್ ಟ್ಯಾಂಕ್ ಬೇಕೋ?

ಕಾಸರಗೋಡಿನ ನಿಮ್ಮ ಬೋರ್‌ವೆಲ್ ನೀರು ಕೊಡಪಾನಕ್ಕೆ ಕಪ್ಪು ಕಲೆ ಹಿಡಿಸುತ್ತಿದ್ದರೆ ಅದು ನೀರಲ್ಲಿ ಕರಗಿದ ಮ್ಯಾಂಗನೀಸ್ ಎಂಬ ಲೋಹವಿರಬಹುದು, ಮೊದಲು ಪರೀಕ್ಷೆ ಮಾಡಿಸಿ. ಇದಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 0.3. ಕುದಿಸಿದರೆ ಇದು ಹೋಗುವುದಿಲ್ಲ. ಮಿತಿ ಮೀರಿದ ನೀರಲ್ಲಿ ಹಸುಗೂಸಿನ ಹಾಲುಪುಡಿ ಕಲಸಲೇಬೇಡಿ.

ಕುಡಿಯಲು, ಅಡುಗೆಗೆ ಮಾತ್ರವಾದರೆ ಆರ್‌ಓ ಸಾಕು. ಆದರೆ ಕ್ಲೋರಿನ್ ತಾಗಿ ಮ್ಯಾಂಗನೀಸ್ ಕಪ್ಪು ಕೆಸರಾದರೆ ಆರ್‌ಓ ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಬೇಗ ಕಟ್ಟಿಕೊಳ್ಳುತ್ತದೆ.

ಸ್ನಾನ, ಬಟ್ಟೆಗೂ ಬೇಕಿದ್ದರೆ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿತ ಮರಳಿನ ಟ್ಯಾಂಕೇ ಸರಿ. ಎಡವುವುದು ಪಿಎಚ್‌ನಲ್ಲಿ (ನೀರು ಎಷ್ಟು ಆಮ್ಲೀಯ ಎನ್ನುವ ಅಳತೆ, 7ಕ್ಕಿಂತ ಕಡಿಮೆಯೆಂದರೆ ಆಮ್ಲೀಯ): ಮುರಕಲ್ಲು ನೆಲದ ನೀರು ಹೆಚ್ಚಾಗಿ ಆಮ್ಲೀಯ. 7ಕ್ಕಿಂತ ಕಡಿಮೆಯಿದ್ದರೆ ಮೊದಲು ಆಮ್ಲೀಯತೆ ಇಳಿಸುವ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಟ್ಯಾಂಕಿನಲ್ಲಿ ಹಾಯಿಸಿ. ಬರೀ ಗಾಳಿಯಾಡಿಸಿದರೆ ಕಬ್ಬಿಣ ಇಳಿಯುತ್ತದೆ, ಮ್ಯಾಂಗನೀಸ್ ಹಾಗೇ ಉಳಿಯುತ್ತದೆ. ಕರಗಿದ ಮ್ಯಾಂಗನೀಸನ್ನು ಸೋಸಬಲ್ಲ ಕಣವಾಗಿಸಲು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವುದಾದರೆ 1 ಮಿಲಿಗ್ರಾಂ ಮ್ಯಾಂಗನೀಸ್‌ಗೆ ಸುಮಾರು 1.9 ಮಿಲಿಗ್ರಾಂ, ಹೆಚ್ಚಾದರೆ ನಲ್ಲಿಯಲ್ಲಿ ಗುಲಾಬಿ ನೀರು ಬರುತ್ತದೆ.