ಅತ್ತಿಗೆಯೊಡನೆ ಸೇರಿ ಮನೆಯಲ್ಲೇ ಡೇ ಕೇರ್ ತೆರೆದೆ: ನನಗಾದದ್ದು ನಿಮಗಾಗದಿರಲಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಗೂ ಉಪ್ಪಳಕ್ಕೂ ನಡುವಿನ ಒಂದು ಊರಿನಲ್ಲಿ, ನನ್ನ ಅಣ್ಣನ ಮನೆಯ ಚಾವಡಿಯಲ್ಲೂ ಅದಕ್ಕೆ ತಾಗಿದ ಎರಡು ಕೋಣೆಗಳಲ್ಲೂ ನಾನು ಮತ್ತು ಅತ್ತಿಗೆ ಸೇರಿ 2022ರ ಜೂನ್ ತಿಂಗಳಿನಲ್ಲಿ ಸಣ್ಣ ಮಕ್ಕಳ ಡೇ ಕೇರ್ ಆರಂಭಿಸಿದೆವು. ಹತ್ತೊಂಬತ್ತು ತಿಂಗಳು ಕಳೆದು, 2024ರ ಜನವರಿಯಲ್ಲಿ, ನಾನು ಅದರಿಂದ ಹೊರಬಂದೆ. ಹಾಕಿದ 1,80,000 ರೂಪಾಯಿಗಳಲ್ಲಿ 40,000 ಮಾತ್ರ ಮರಳಿ ಬಂತು. ಹಣದ ನಷ್ಟಕ್ಕಿಂತ ದೊಡ್ಡ ನಷ್ಟವೆಂದರೆ, ಹುಟ್ಟಿ ಬೆಳೆದ ಮನೆಗೆ ಹೋಗಲು ಈಗ ನಾನು ಮೊದಲೇ ಫೋನ್ ಮಾಡಿ ಕೇಳಬೇಕಾಗಿದೆ. ಅತ್ತಿಗೆ ಮೋಸಗಾರ್ತಿಯಲ್ಲ, ಅಣ್ಣ ದುಷ್ಟನಲ್ಲ. ಈ ಮಾತನ್ನು ನಾನು ಮನಃಪೂರ್ವಕವಾಗಿ ಹೇಳುತ್ತಿದ್ದೇನೆ. ಒಳ್ಳೆಯವರ ನಡುವೆಯೇ ಹೀಗಾಯಿತು ಎಂಬ ಕಾರಣಕ್ಕೇ ಇದನ್ನು ಬರೆಯುವುದು ಅಗತ್ಯವೆಂದು ನನಗೆ ತೋರಿತು.

ನಮ್ಮ ಕಡೆ ಇಂಥದೊಂದು ಜಾಗ ಬೇಕಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಬೆಳಗಿನ ರೈಲಿಗೆ ಮಂಗಳೂರಿಗೆ ಹೋಗುವವರು, ತಲಪಾಡಿ ದಾಟಿ ದೇರಳಕಟ್ಟೆಯ ಆಸ್ಪತ್ರೆಗಳಿಗೆ ಪಾಳಿ ಕೆಲಸಕ್ಕೆ ಹೋಗುವವರು, ಇಲ್ಲಿಯೇ ಬ್ಯಾಂಕು, ಶಾಲೆಗಳಲ್ಲಿ ಇರುವವರು, ಇವರಿಗೆಲ್ಲ ಹೆರಿಗೆ ರಜೆ ಮುಗಿದ ಮರುದಿನವೇ ಮಗುವನ್ನು ಎಲ್ಲಿ ಬಿಡುವುದೆಂಬ ಚಿಂತೆ. ಅಂಗನವಾಡಿಯ ಶಾಲಾಪೂರ್ವ ತರಗತಿ ಮೂರು ವರ್ಷ ತುಂಬಿದವರಿಗೆ. ಅದೂ ಕಚೇರಿ ಬಿಡುವ ಹೊತ್ತಿನವರೆಗೆ ಇರುವುದಿಲ್ಲ. ಹಾಗಾಗಿ ನಾಲ್ಕು ಮಕ್ಕಳಿಂದ ಆರಂಭವಾದ ನಮ್ಮಲ್ಲಿ ಆರು ತಿಂಗಳೊಳಗೆ ಹನ್ನೊಂದು ಮಕ್ಕಳಾದರು. ವ್ಯಾಪಾರ ಸೋತು ನಾವು ಬೇರೆಯಾದದ್ದಲ್ಲ, ಅದು ಚೆನ್ನಾಗಿ ನಡೆಯುತ್ತಿದ್ದಾಗಲೇ ಬೇರೆಯಾದೆವು.

ಆರಂಭದ ಮಾತುಕತೆ ನಡೆದದ್ದು ಅಡುಗೆಮನೆಯಲ್ಲಿ, ಒಂದು ಸಂಜೆ, ಚಹಾ ಕುಡಿಯುತ್ತಾ. ನಾನು ಆರು ವರ್ಷ ಖಾಸಗಿ ಶಾಲೆಯ ಎಲ್‌ಕೆಜಿಯಲ್ಲಿ ಕಲಿಸಿದವಳಾದ್ದರಿಂದ ಮಕ್ಕಳನ್ನು ನಾನು ನೋಡಿಕೊಳ್ಳುವುದು, ಅಡುಗೆ ಮತ್ತು ಮನೆಯ ಕಡೆಯದನ್ನು ಅತ್ತಿಗೆ ನೋಡಿಕೊಳ್ಳುವುದು, ಉಳಿದದ್ದರಲ್ಲಿ ಅರ್ಧ ಅರ್ಧ. ಇಷ್ಟೇ. “ನಮ್ಮೊಳಗೆ ಏನು ಬರೆಯುವುದು?” ಎಂದು ಅತ್ತಿಗೆ ಕೇಳಿದರು, ನನಗೂ ಆ ಮಾತು ಹಿತವಾಗಿಯೇ ಕೇಳಿಸಿತು. ಈಗ ನೆನೆದರೆ ಆಶ್ಚರ್ಯವಾಗುತ್ತದೆ, ಏಕೆಂದರೆ ನಾವಿಬ್ಬರೂ ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಒಂದೇ ಅಯಲ್ಕೂಟದ (ನೆರೆಹೊರೆಯ ಗುಂಪಿನ) ಸದಸ್ಯೆಯರು. ಅಲ್ಲಿ ಹತ್ತಿಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಸೇರಿ ಹಾಕುವ ಸಣ್ಣ ಉಳಿತಾಯವನ್ನೂ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ, ಸಹಿ ಹಾಕಿಸಿಕೊಳ್ಳುತ್ತಾರೆ. ಹತ್ತು ರೂಪಾಯಿಗೆ ಅಷ್ಟು ಶಿಸ್ತು ಪಾಲಿಸುತ್ತಿದ್ದ ನಾವು ಲಕ್ಷಕ್ಕೆ ಒಂದು ಚೀಟಿಯನ್ನೂ ಬರೆಯಲಿಲ್ಲ. ನೆರೆಯವರೊಡನೆ ಬರೆಯುವುದು ಮರ್ಯಾದೆ, ಮನೆಯವರೊಡನೆ ಬರೆಯುವುದು ಅವಮಾನ ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿದೆ.

ಚಿಟ್ಟಿ (ಚಿಟ್ ಫಂಡ್) ಎತ್ತಿದ ಹಣಕ್ಕೆ ನನ್ನ ಉಳಿತಾಯ ಸೇರಿಸಿ ನಾನು ಕೊಟ್ಟದ್ದು ಏನೇನಕ್ಕೆ ಹೋಯಿತು ಎಂಬುದನ್ನು ಗಮನವಿಟ್ಟು ಓದಿ. ಮಕ್ಕಳ ಎತ್ತರಕ್ಕೆ ತಕ್ಕ ಶೌಚಾಲಯ ಮತ್ತು ಕೈ ತೊಳೆಯುವ ತೊಟ್ಟಿಗೆ 62,000, ಚಾವಡಿಯ ಗ್ರಿಲ್ ಮತ್ತು ಗೇಟಿಗೆ 48,000, ಇನ್ವರ್ಟರಿಗೆ 27,000, ಚಾಪೆ, ತೊಟ್ಟಿಲು, ಕಪಾಟು, ಆಟಿಕೆಗಳಿಗೆ 43,000. ಇದರಲ್ಲಿ ಮೊದಲ ಎರಡು, ಅಂದರೆ 1,10,000 ರೂಪಾಯಿ, ಅಣ್ಣನ ಮನೆಯ ಗೋಡೆಗೂ ನೆಲಕ್ಕೂ ಸೇರಿಹೋಯಿತು. ಕೊನೆಗೆ ನಾನು ಹೊರಡುವಾಗ ಶೌಚಾಲಯವನ್ನು ಕಿತ್ತು ಒಯ್ಯಲು ಸಾಧ್ಯವಿತ್ತೇ? ಇನ್ನೊಬ್ಬರ ಕಟ್ಟಡದಲ್ಲಿ ಹಣ ಹೂಡುವವರು, ಆ ಇನ್ನೊಬ್ಬರು ಒಡಹುಟ್ಟಿದವರೇ ಆಗಿದ್ದರೂ, ಬಿಟ್ಟುಹೋಗುವ ದಿನ ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದನ್ನು ಗಾರೆಯವರು ಬರುವ ಮೊದಲೇ ಬರೆದಿಡಬೇಕು.

ತಿಂಗಳ ಶುಲ್ಕ ಮಗುವಿಗೆ 3,500 ರೂಪಾಯಿ. ಮನೆ ಅಣ್ಣನ ಹೆಸರಿನಲ್ಲಿದ್ದುದರಿಂದ ಪಂಚಾಯತಿನ ಕಾಗದಪತ್ರಗಳೆಲ್ಲ ಅತ್ತಿಗೆಯ ಹೆಸರಿನಲ್ಲಿ ಆದವು. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಕುಳಿತು ಮಲಯಾಳದಲ್ಲಿ ತುಂಬಿದ ಆ ಅರ್ಜಿಯಲ್ಲಿ ನನ್ನ ಹೆಸರೇ ಇರಲಿಲ್ಲ ಎಂಬುದು ಬಹಳ ದಿನಗಳ ಮೇಲೆ ಗೊತ್ತಾಯಿತು. ಪೋಷಕರು ಗೂಗಲ್ ಪೇ ಮಾಡುತ್ತಿದ್ದುದೂ ಅತ್ತಿಗೆಯ ಫೋನಿಗೇ. ಹನ್ನೊಂದು ಮಕ್ಕಳೆಂದರೆ 38,500 ಬರಬೇಕು. ಆದರೆ ಅವರಲ್ಲಿ ಇಬ್ಬರು ಅತ್ತಿಗೆಯ ತವರಿನ ಕಡೆಯವರಾದ್ದರಿಂದ ಅವರಿಂದ ಶುಲ್ಕವಿಲ್ಲ. ಉಳಿದ 31,500ರಲ್ಲಿ ಸಹಾಯಕಿಯ ಸಂಬಳ 9,000, ಹಾಲು, ಅಕ್ಕಿ, ಹಣ್ಣು, ಗ್ಯಾಸು ಎಂದು 7,500 ಕಳೆದರೆ 15,000. ಅದರಲ್ಲಿ ಅರ್ಧ ನನ್ನದು. ನನ್ನ ಕೈಗೆ ಒಂದು ತಿಂಗಳು 6,000, ಇನ್ನೊಂದು ತಿಂಗಳು 4,000, ಮತ್ತೊಂದು ತಿಂಗಳು “ಕರೆಂಟು ಬಿಲ್ ಜಾಸ್ತಿ ಬಂದಿದೆ ಮಾರಾಯ್ತಿ” ಎಂಬ ಮಾತು. ಲೆಕ್ಕ ನೋಡೋಣವೇ ಎಂದು ನಾನು ಮೊದಲ ಬಾರಿ ಕೇಳಿದ್ದು ಹತ್ತನೆಯ ತಿಂಗಳಲ್ಲಿ. ಅತ್ತಿಗೆಯ ಮುಖ ಬಾಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರಿಗದು ಲೆಕ್ಕದ ಪ್ರಶ್ನೆಯಾಗಿ ಕೇಳಿಸಲಿಲ್ಲ, ಕಳ್ಳತನದ ಆರೋಪವಾಗಿ ಕೇಳಿಸಿತು. ಮೊದಲ ತಿಂಗಳಿನಿಂದಲೇ ಒಂದನೇ ತಾರೀಕಿಗೆ ಇಬ್ಬರೂ ಕುಳಿತು ಲೆಕ್ಕ ನೋಡುವ ರೂಢಿಯಿದ್ದಿದ್ದರೆ ಅದು ಯಾರಿಗೂ ಹಾಗೆ ಕೇಳಿಸುತ್ತಿರಲಿಲ್ಲ.

ಅತ್ತಿಗೆಯ ಮನಸ್ಸಿನಲ್ಲೂ ಒಂದು ಲೆಕ್ಕವಿತ್ತು ಎಂಬುದನ್ನು ನಾನು ತಡವಾಗಿ ತಿಳಿದೆ. ಮನೆಗೆ ಬಾಡಿಗೆಯಿಲ್ಲ, ಬಾವಿಯ ನೀರಿಗೆ ದುಡ್ಡಿಲ್ಲ, ಮಧ್ಯಾಹ್ನ ಒಂದು ಗಳಿಗೆ ಒರಗಲು ಅವರದೇ ಮನೆಯಲ್ಲಿ ಅವರಿಗೆ ಜಾಗವಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನಿಂತ ಕಾಲಲ್ಲಿ ದುಡಿಯುವವಳು ನಾನು ಎಂಬ ಲೆಕ್ಕ ನನ್ನದು. ಇಬ್ಬರೂ ತಾವೇ ಹೆಚ್ಚು ಕೊಡುತ್ತಿದ್ದೇವೆಂದು ನಂಬಿ ಒಂದೂವರೆ ವರ್ಷ ನಗುನಗುತ್ತಾ ಕೆಲಸ ಮಾಡಿದೆವು.

ಕಾಸರಗೋಡಿನ ಒಬ್ಬ ವಕೀಲರು ಆಮೇಲೆ ನನಗೆ ತಿಳಿಸಿದ ಸಂಗತಿಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲೇ ತಿಳಿದಿದ್ದರೆ ನನಗೆ ಉಪಕಾರವಾಗುತ್ತಿತ್ತು. ಬರೆದಿಲ್ಲವಾದರೆ ಕಾನೂನಿನ ಕಣ್ಣಿಗೆ ಏನೂ ಇಲ್ಲವೆಂದು ನಾನು ತಿಳಿದಿದ್ದೆ. ಹಾಗಲ್ಲ. ಲಾಭ ಹಂಚಿಕೊಳ್ಳುವ ಒಪ್ಪಂದದ ಮೇಲೆ ಇಬ್ಬರು ಸೇರಿ ವ್ಯಾಪಾರ ನಡೆಸಿದರೆ, ಪತ್ರವಿಲ್ಲದಿದ್ದರೂ ಅದು ಪಾಲುದಾರಿಕೆಯೇ, ಮತ್ತು ನಾವು ಮಾತಾಡದೆ ಬಿಟ್ಟ ಜಾಗಗಳನ್ನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ತುಂಬುತ್ತದೆ. ಅದರ 13ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಯಾರು ಎಷ್ಟೇ ಹಾಕಿರಲಿ ಲಾಭ ನಷ್ಟಗಳೆರಡೂ ಸಮಪಾಲು. ದುಡಿದವರು ದುಡಿಮೆಗೆ ಸಂಬಳ ಕೇಳುವಂತಿಲ್ಲ. ನೋಂದಣಿ ಮಾಡಿಸುವುದು ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಪಾಲುದಾರಿಕೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಒಪ್ಪಂದದ ಹಕ್ಕಿಗಾಗಿ ದಾವೆ ಹೂಡುವುದನ್ನು 69ನೆಯ ಸೆಕ್ಷನ್ ತಡೆಯುತ್ತದೆ. ಪಾಲುದಾರಿಕೆಯನ್ನು ವಿಸರ್ಜಿಸಿ ಲೆಕ್ಕ ಕೊಡಿಸಿ ಎಂದು ಮಾತ್ರ ಕೇಳಬಹುದು, ಅದೂ ವಿಸರ್ಜನೆಯಾಗಿ ಮೂರು ವರ್ಷಗಳೊಳಗೆ. ಎಲ್ಲಕ್ಕಿಂತ ನನ್ನನ್ನು ನಡುಗಿಸಿದ್ದು ಇನ್ನೊಂದು: ವ್ಯವಹಾರ ನಡೆಸುವಾಗ ಒಬ್ಬರ ತಪ್ಪಿನಿಂದ ಹೊರಗಿನವರಿಗೆ ಆದ ಹಾನಿಗೆ ಇನ್ನೊಬ್ಬರೂ ಪೂರ್ತಿ ಹೊಣೆ. ನಮ್ಮ ವ್ಯವಹಾರ ಅಡಿಕೆ ಅಥವಾ ಬಟ್ಟೆಯದ್ದಲ್ಲ, ಬೇರೆಯವರ ಮಕ್ಕಳದ್ದು.

ಮನೆಯಲ್ಲಿ ಡೇ ಕೇರ್ ನಡೆಸುವುದೆಂದರೆ ಆ ಮನೆಯ ಬದುಕೂ ಅದರೊಳಗೆ ಬರುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತದೆ, ತೋಟದ ಆಳುಗಳು ಬಂದು ಹೋಗುತ್ತಾರೆ, ನೆಂಟರು ಬಂದರೆ ಮಕ್ಕಳು ಮಲಗುವ ಕೋಣೆಯೇ ಬೇಕಾಗುತ್ತದೆ. ಇದಲ್ಲದೆ, ಪಾಲುದಾರರು ಒಂದೇ ಕುಟುಂಬದವರಾದರೆ ಬರುವ ಒಂದು ತೊಡಕನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ. ಇಬ್ಬರು ಸೇರಿ ನಡೆಸುವುದರ ದೊಡ್ಡ ಅನುಕೂಲವೇ ಒಬ್ಬರು ಇಲ್ಲದ ದಿನ ಇನ್ನೊಬ್ಬರು ಇರುತ್ತಾರೆ ಎಂಬುದು. ಅತ್ತಿಗೆ ನಾದಿನಿಯರಿಗೆ ಮದುವೆಯೂ ಒಂದೇ, ಉಪನಯನವೂ ಒಂದೇ, ಸಾವಿನ ಸೂತಕವೂ ಒಂದೇ. ದೊಡ್ಡಪ್ಪ ತೀರಿಕೊಂಡಾಗ ನಾಲ್ಕು ದಿನ ಬಾಗಿಲು ಮುಚ್ಚಿದೆವು. ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಮತ್ತೆ ಆರು ದಿನ. ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬ ನರ್ಸು ತಾಯಿ ಮುಚ್ಚಿದ ಗೇಟಿನ ಮುಂದೆ ಮಗುವನ್ನೆತ್ತಿಕೊಂಡು ನಿಂತದ್ದನ್ನು ನೆರೆಮನೆಯವರು ಹೇಳಿದಾಗ ನನಗೆ ಅಳು ಬಂತು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೂ ಅಂಗನವಾಡಿಗಳಿಗೂ ರಜೆ ಸಾರಿದ ದಿನಗಳಲ್ಲಿ ನಾವು ತೆರೆಯಬೇಕೇ ಬೇಡವೇ ಎಂಬುದೂ ಮೊದಲೇ ತೀರ್ಮಾನವಾಗಿರಲಿಲ್ಲ. ತಂದೆತಾಯಂದಿರಿಗೆ ಕಚೇರಿ ಇದ್ದೇ ಇರುತ್ತಿತ್ತು, ಬೆಳಗಿನ ಆರು ಗಂಟೆಗೆ ನನ್ನ ಫೋನಿಗೆ ಕರೆ ಬರುತ್ತಿತ್ತು, ನಾನು ತೆರೆಯುತ್ತೇನೆ ಎಂದರೆ ಅತ್ತಿಗೆ ಬೇಡ ಎನ್ನುತ್ತಿದ್ದರು.

ಎರಡನೆಯ ಮಳೆಗಾಲದಲ್ಲಿ ಒಂದು ಮಗುವಿಗೆ ಜ್ವರ ಬಂದು ಅಂಗೈಯಲ್ಲೂ ಬಾಯಿಯ ಸುತ್ತಲೂ ಗುಳ್ಳೆಗಳೆದ್ದವು. ಇಲ್ಲಿ ಜನ ತಕ್ಕಾಳಿ ಜ್ವರ ಎನ್ನುವ, ವೈದ್ಯರು ಕೈ, ಕಾಲು, ಬಾಯಿ ರೋಗ ಎನ್ನುವ ಸೋಂಕು ಅದು; ಐದು ವರ್ಷದೊಳಗಿನವರಲ್ಲಿ ಹೆಚ್ಚು, ಎಂಜಲಿನಿಂದಲೂ ಗುಳ್ಳೆಯ ನೀರಿನಿಂದಲೂ ಬೇಗ ಹರಡುತ್ತದೆ. ಒಂದೇ ಆಟಿಕೆ ಹತ್ತು ಬಾಯಿಗೆ ಹೋಗುವ ಜಾಗದಲ್ಲಿ ಅಂಥ ಮಗುವನ್ನು ಆ ಕ್ಷಣವೇ ಮನೆಗೆ ಕಳುಹಿಸಬೇಕು. ಬೇರೆ ಮಗುವಾಗಿದ್ದರೆ ಕಳುಹಿಸುತ್ತಿದ್ದೆವು, ಹಿಂದೆ ಕಳುಹಿಸಿಯೂ ಇದ್ದೆವು. ಇದು ಅತ್ತಿಗೆಯ ತಂಗಿಯ ಮಗು. “ಅವಳಿಗೆ ಇವತ್ತು ರಜೆ ಸಿಗುವುದಿಲ್ಲ, ಒಳಗಿನ ಕೋಣೆಯಲ್ಲಿ ಮಲಗಿಸುತ್ತೇನೆ” ಎಂದರು. ನಾನು ಸುಮ್ಮನಾದೆ. ಆ ಸುಮ್ಮನಾದದ್ದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ವಾರದೊಳಗೆ ನಾಲ್ಕು ಮಕ್ಕಳಿಗೆ ಗುಳ್ಳೆಗಳೆದ್ದವು, ಇಬ್ಬರು ನೀರು ಕುಡಿಯಲೂ ಆಗದೆ ಅತ್ತರು, ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರು ಹೋದದ್ದು ನ್ಯಾಯವೇ.

ಕೊನೆಯದು ಗೇಟಿನ ಸಂಗತಿ. ಮಕ್ಕಳಿದ್ದಷ್ಟು ಹೊತ್ತು ಹಿಂಬದಿಯ ಗೇಟಿಗೆ ಬೀಗ ಇರಬೇಕೆಂದು ನಾನು ಹಟ ಹಿಡಿದಿದ್ದೆ, ಏಕೆಂದರೆ ಅದರಾಚೆ ಇಪ್ಪತ್ತು ಹೆಜ್ಜೆಗೆ ತೋಟದ ಕೆರೆ. ಡಿಸೆಂಬರಿನ ಒಂದು ಮಧ್ಯಾಹ್ನ ಅಡಿಕೆ ಹೊರುವವರಿಗಾಗಿ ಅಣ್ಣ ಬೀಗ ತೆಗೆದವನು ಹಾಕಲು ಮರೆತ. ಎರಡೂವರೆ ವರ್ಷದ ಹುಡುಗನೊಬ್ಬ ಕೆರೆಯ ಮೆಟ್ಟಿಲಿನವರೆಗೆ ನಡೆದು ಹೋಗಿದ್ದ. ಬಟ್ಟೆ ಒಣಹಾಕುತ್ತಿದ್ದ ಸಹಾಯಕಿ ನೋಡಿ ಓಡಿದಳು. ಮಗುವಿಗೆ ಏನೂ ಆಗಲಿಲ್ಲ. ನಾನು ಆ ಸಂಜೆಯೇ ತಂದೆತಾಯಿಗೆ ನಡೆದದ್ದನ್ನು ತಿಳಿಸಬೇಕು ಎಂದೆ. ಅಣ್ಣ, “ಏನೂ ಆಗದ್ದನ್ನು ಊರಿಗೆಲ್ಲ ಹೇಳಿ ನಮ್ಮ ಮನೆಯ ಹೆಸರು ಕೆಡಿಸುತ್ತೀಯಾ?” ಎಂದ. ಆ ‘ನಮ್ಮ ಮನೆ’ಯಲ್ಲಿ ನಾನಿರಲಿಲ್ಲ. ನಾನು ಹೇಳಿದೆ. ಆ ತಂದೆ ನನ್ನ ಮೇಲೆ ಕೂಗಲಿಲ್ಲ, ಹೇಳಿದ್ದಕ್ಕೆ ಕೃತಜ್ಞತೆ ಸೂಚಿಸಿ ಮಗುವನ್ನು ಕರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಅಣ್ಣ ಅದರ ಬಳಿಕ ಎರಡು ವಾರ ನನ್ನೊಡನೆ ಮಾತನಾಡಲಿಲ್ಲ. ಅವನೊಬ್ಬ ಪಾಲುದಾರನೇ ಅಲ್ಲ. ಆದರೂ ಬೀಗದ ಕೈ ಅವನದು, ಕೊನೆಯ ಮಾತೂ ಅವನದು. ಅತ್ತಿಗೆಯೊಡನೆ ಪಾಲುಗೊಳ್ಳುವಾಗ ನಾನು ಇಡೀ ಮನೆಯೊಡನೆ ಪಾಲುಗೊಳ್ಳುತ್ತಿದ್ದೇನೆ ಎಂಬುದು ನನಗೆ ಹೊಳೆದಿರಲಿಲ್ಲ.

ಜನವರಿಯಲ್ಲಿ ಸೋದರಮಾವನನ್ನು ನಡುವೆ ಕೂರಿಸಿ ಮಾತಾಡಿದೆವು. ಇನ್ವರ್ಟರು ಮತ್ತು ಸಾಮಾನುಗಳಿಗೆಂದು 40,000 ಕೊಟ್ಟರು. ವಕೀಲರು ನೋಟೀಸು ಕಳುಹಿಸೋಣವೇ ಎಂದು ಕೇಳಿದರು. ಅಮ್ಮ ಅದೇ ಮನೆಯಲ್ಲಿ ಇರುವುದರಿಂದ ನಾನು ಬೇಡವೆಂದೆ.

ಆದರೂ ತೆರೆಯಲೇಬೇಕು ಎನ್ನುವವರಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮನೆ ಒಬ್ಬರದ್ದಾಗಿದ್ದರೆ ಪಾಲುದಾರಿಕೆ ಬೇಡ. ಮನೆಯವರು ಬಾಡಿಗೆ ತೆಗೆದುಕೊಳ್ಳಲಿ, ನಡೆಸುವವರು ಒಬ್ಬರೇ ಇರಲಿ, ಇನ್ನೊಬ್ಬರು ದುಡಿಯುವುದಾದರೆ ಸಂಬಳ ಪಡೆಯಲಿ. ಪಾಲುದಾರಿಕೆಯೇ ಆಗಬೇಕೆಂದರೆ ದಸ್ತಾವೇಜು ಬರೆಯುವವರ ಬಳಿ ಹೋಗಿ ಪತ್ರ ಮಾಡಿಸಿ ನೋಂದಾಯಿಸಿ. ಮಲಯಾಳದಲ್ಲಿ ಬರೆದಿದ್ದರೆ ಸಹಿಗೆ ಮೊದಲು ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಶುಲ್ಕ ಬರುವುದಕ್ಕೆ ಇಬ್ಬರೂ ನೋಡಬಹುದಾದ ಬೇರೆಯದೇ ಬ್ಯಾಂಕ್ ಖಾತೆ ಇರಲಿ. ಜ್ವರದ ಮಗು, ಬೀಗ, ಭಾರೀ ಮಳೆಯ ಕೆಂಪು ಎಚ್ಚರಿಕೆಯ (ರೆಡ್ ಅಲರ್ಟ್) ದಿನ, ನೆಂಟರ ಮಕ್ಕಳ ಶುಲ್ಕ, ಇವುಗಳ ನಿಯಮವನ್ನು ಬರೆದು ಪೋಷಕರಿಗೂ ಕೊಡಿ; ಆಗ ಅದನ್ನು ಮೀರಲು ಮನೆಯವರಿಗೂ ಸುಲಭವಾಗುವುದಿಲ್ಲ.

ಈಗಾಗಲೇ ಸೇರಿ ನಡೆಸುತ್ತಿದ್ದು ಬಿಡುವ ಯೋಚನೆಯಲ್ಲಿರುವವರಿಗೆ ಇನ್ನೊಂದು ಮಾತು. ಬಾಯಿಮಾತಿನಲ್ಲಿ ಹೊರಬರಬೇಡಿ. ಬಿಟ್ಟ ದಿನಾಂಕವನ್ನು ಬರೆದು ಇಬ್ಬರೂ ಸಹಿ ಹಾಕಿ, ಪ್ರತಿ ಪೋಷಕರಿಗೂ ಲಿಖಿತವಾಗಿ ತಿಳಿಸಿ, ಬಹಿರಂಗ ನೋಟೀಸನ್ನೂ ಕೊಡಿಸಿ. ಅದಾಗದಿದ್ದರೆ ಆಮೇಲೆ ಅಲ್ಲಿ ನಡೆಯುವುದಕ್ಕೂ ಹೊರಗಿನವರ ಮಟ್ಟಿಗೆ ನೀವು ಹೊಣೆಯಾಗಿ ಉಳಿಯಬಹುದು ಎನ್ನುತ್ತದೆ ಆ ಕಾಯ್ದೆಯ 45ನೆಯ ಸೆಕ್ಷನ್. ನಾನು ಬಿಟ್ಟು ಮೂರು ತಿಂಗಳಾದರೂ ಗೇಟಿನ ಮೇಲಿನ ಫಲಕದಲ್ಲಿ ನನ್ನ ಹೆಸರು, ಫೋನ್ ನಂಬರು ಹಾಗೆಯೇ ಇದ್ದವು, ಮತ್ತು ಹೊಸ ಪೋಷಕರೊಬ್ಬರು ನನಗೆ ಕರೆಮಾಡಿ ತಮ್ಮ ಮಗು ಮಧ್ಯಾಹ್ನ ಊಟ ಮಾಡಿತೇ ಎಂದು ವಿಚಾರಿಸಿದರು. ಆ ದಿನವೇ ಹೋಗಿ, ಅತ್ತಿಗೆಯ ಎದುರಿನಲ್ಲೇ, ಅದರ ಮೇಲೆ ಬಣ್ಣ ಬಳಿಸಿ ಬಂದೆ.